ಒಳಕಿವಿಯ ಸಮತೋಲನ ದೋಷ: ತಲೆಸುತ್ತಿನಿಂದ ಚೇತರಿಕೆಯ ಕಡೆಗೆ

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಐದು ಇಂದ್ರಿಯಗಳ ಹೆಸರನ್ನು ಶಾಲೆಯ ಮಗುವೂ ಬಲ್ಲದು. ಇವುಗಳ ಜೊತೆಗೆ ಇನ್ನೊಂದು ಇಂದ್ರಿಯವು ಹುಟ್ಟಿದಂದಿನಿಂದ ಸದ್ದಿಲ್ಲದೆ ದುಡಿಯುತ್ತಿರುವುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಅದು ಸಮತೋಲನದ ಇಂದ್ರಿಯ. ಅದರ ನೆಲೆ ಒಳಕಿವಿ. ಅದು ಸರಿಯಾಗಿರುವಷ್ಟು ಕಾಲ ಅದರ ಇರವೇ ತಿಳಿಯದು. ಅದು ಕೆಟ್ಟ ದಿನ ಮಾತ್ರ, ಮಲಗಿದ ಹಾಸಿಗೆಯೇ ಬುಗುರಿಯಂತೆ ತಿರುಗತೊಡಗಿ, ಗಟ್ಟಿನೆಲದ ಮೇಲಿನ ನಂಬಿಕೆಯೇ ಹೊರಟುಹೋಗುತ್ತದೆ.

ಪುಣೆಯಿಂದ ಲೋಣಾವಳಾ ಕಡೆಗೆ ಹೋಗುವ ಲೋಕಲ್ ರೈಲಿನ ಹಾದಿಯಲ್ಲಿರುವ ತಳೇಗಾಂವ ದಾಭಾಡೆಯಂತಹ ಊರಿನಲ್ಲಿ ಮನೆಮಾಡಿ, ಪಿಂಪರಿ-ಚಿಂಚವಡ, ಚಾಕಣಗಳ ಕಾರಖಾನೆಗಳಿಗೂ ಪುಣೆಯ ಕಚೇರಿಗಳಿಗೂ ದಿನನಿತ್ಯ ಓಡಾಡುವವರ ಬಾಳು ಬಹುಮಟ್ಟಿಗೆ ಈ ಇಂದ್ರಿಯವನ್ನೇ ಅವಲಂಬಿಸಿದೆ. ನಿಲ್ದಾಣದ ಮೆಟ್ಟಿಲು, ನೂಕುನುಗ್ಗಲಿನ ಡಬ್ಬಿ, ಮಾವಳ ಸೀಮೆಯ ಮಳೆಗಾಲದ ಜಾರುನೆಲ, ಇವೆಲ್ಲವೂ ಸಮತೋಲನವನ್ನು ಬೇಡುವಂಥವು. ಕನ್ನಡನಾಡಿನಿಂದ ಬಂದು ನೆಲೆಸಿದ ಸಣ್ಣ ಸಂಸಾರಗಳಲ್ಲಿ ಕಾಯಿಲೆಯಾದಾಗ ಕೈಹಿಡಿದು ನಡೆಸಲು ಹಿರಿಯರು ಹತ್ತಿರವಿರುವುದೂ ಅಪರೂಪ. ಆದ್ದರಿಂದ ಈ ಕಾಯಿಲೆಯ ಸ್ವರೂಪವನ್ನೂ ಅದರಿಂದ ಹೊರಬರುವ ಬಗೆಯನ್ನೂ ಮೊದಲೇ ತಿಳಿದಿರುವುದು ಹಿತಕರ. ಎಲ್ಲಕ್ಕೂ ಮುಖ್ಯವಾಗಿ ಅರಿಯಬೇಕಾದದ್ದು ಇಷ್ಟು: ಒಳಕಿವಿಯ ತಲೆಸುತ್ತಿನಲ್ಲಿ ಮೊದಲ ಒಂದೆರಡು ದಿನಗಳ ವಿಶ್ರಾಂತಿ ಅಗತ್ಯ, ಅನಂತರ ಗುಣಪಡಿಸುವುದು ಕ್ರಮಬದ್ಧವಾದ ಚಲನೆ.

ಒಳಕಿವಿಯ ರಚನೆ

ಕಿವಿತಮಟೆಯ ಆಚೆ, ತಲೆಬುರುಡೆಯ ಬಹು ಗಟ್ಟಿಯಾದ ಎಲುಬಿನ ಒಳಗೆ, ಅರೆಬಳೆಯಂತೆ ಬಾಗಿದ ಮೂರು ಸೂಕ್ಷ್ಮ ಕೊಳವೆಗಳಿವೆ. ಇವು ಒಂದಕ್ಕೊಂದು ಲಂಬವಾಗಿ, ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ ಜೋಡಣೆಗೊಂಡಿವೆ. ಒಳಗೆ ತಿಳಿಯಾದ ದ್ರವವಿದೆ. ತಲೆ ತಿರುಗಿದಾಗ ದ್ರವವು ತುಸು ಹಿಂದೆ ಉಳಿದು, ಅಲ್ಲಿರುವ ಲೋಳೆಯಂತಹ ಪದರವನ್ನು ಬಾಗಿಸುತ್ತದೆ. ಅದರಲ್ಲಿ ನೆಟ್ಟಿರುವ ಸೂಕ್ಷ್ಮ ರೋಮಕೋಶಗಳು ಸುದ್ದಿಯನ್ನು ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ. ಕೊಳವೆಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳುಂಟು. ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ, ಎಂದರೆ ಸುಣ್ಣದ ಅಂಶದ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ಭೂಮಿ ಯಾವ ಕಡೆಗಿದೆ, ಲೋಕಲ್ ಹೊರಟಿತೇ ನಿಂತಿತೇ, ಲಿಫ್ಟು ಮೇಲೇರುತ್ತಿದೆಯೇ ಎಂಬುದನ್ನು ತಿಳಿಸುವುದು ಈ ಹರಳುಗಳ ಭಾರ.

ಸಮತೋಲನವು ಒಳಕಿವಿಯೊಂದರ ಕೆಲಸವಲ್ಲ. ಕಣ್ಣಿನ ನೋಟ, ಪಾದ ಮತ್ತು ಕೀಲುಗಳ ಅರಿವು, ಒಳಕಿವಿಯ ಸುದ್ದಿ ಎಂಬ ಮೂರು ಮೂಲಗಳನ್ನು ಮಿದುಳು ತಾಳೆ ನೋಡುತ್ತದೆ. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕೂತಂತೆ ದೇಹವು ಇವುಗಳ ಮೇಲೆ ನಿಂತಿದೆ. ಒಂದು ಕಲ್ಲು ಕುಸಿದರೆ ಪಾತ್ರೆ ಅಲುಗುತ್ತದೆ; ಉಳಿದೆರಡನ್ನು ಸರಿಹೊಂದಿಸಿದರೆ ಮತ್ತೆ ನಿಲ್ಲುತ್ತದೆ.

‘ಚಕ್ಕರ’ ಎಂಬ ಒಂದೇ ಮಾತು

ವೈದ್ಯರ ಮುಂದೆ ಕುಳಿತ ಕನ್ನಡಿಗನು ಮರಾಠಿಯಲ್ಲಿ ‘ಚಕ್ಕರ ಯೇತೇ’ ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಇದು ಸಾಲದು. ಈ ಒಂದು ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಅನುಭವಗಳು ಅಡಗಿವೆ.

ಮೊದಲನೆಯದು, ತಾನು ಅಥವಾ ಸುತ್ತಲಿನ ವಸ್ತುಗಳು ಗರಗರನೆ ತಿರುಗುವುದು. ಇದು ಬಹುತೇಕ ಒಳಕಿವಿಯ ಅಥವಾ ಅದರ ನರಮಾರ್ಗದ ದೋಷವನ್ನು ಸೂಚಿಸುತ್ತದೆ. ಮರಾಠಿಯಲ್ಲಿಯೂ ಇದಕ್ಕೆ ‘ಗರಗರತಂಯ’ ಎಂಬ ಮಾತೇ ಇರುವುದರಿಂದ ಎರಡು ಭಾಷೆಗಳಲ್ಲಿಯೂ ಕೆಲಸ ನಡೆಯುತ್ತದೆ. ಎರಡನೆಯದು, ಎದ್ದುನಿಂತೊಡನೆ ಕಣ್ಣು ಕತ್ತಲೆಗಟ್ಟಿ ಬವಳಿ ಬಂದಂತಾಗುವುದು. ಮರಾಠಿಗರು ‘ಡೋಳ್ಯಾಂಪುಢೇ ಅಂಧಾರೀ’ ಅಥವಾ ‘ಭೋವಳ’ ಎನ್ನುವುದು ಇದನ್ನೇ. ಇದು ಹೆಚ್ಚಾಗಿ ರಕ್ತದೊತ್ತಡ, ರಕ್ತಹೀನತೆ ಅಥವಾ ಹೃದಯಕ್ಕೆ ಸಂಬಂಧಿಸಿದ್ದು. ಮೂರನೆಯದು, ತಲೆ ಸುತ್ತದೆಯೇ ನಡೆಯುವಾಗ ವಾಲುವುದು, ಎಂದರೆ ‘ತೋಲ ಜಾತೋ’. ಇದಕ್ಕೆ ನರ, ಕೀಲು, ಕಣ್ಣು, ಒಳಕಿವಿ ಯಾವುದೂ ಕಾರಣವಾಗಬಹುದು.

ಇದರ ಜೊತೆಗೆ, ಸುತ್ತು ಎಷ್ಟು ಹೊತ್ತು ಇರುತ್ತದೆ, ಯಾವ ಚಲನೆಯಿಂದ ಆರಂಭವಾಗುತ್ತದೆ, ಕಿವಿ ಮಂದವಾಯಿತೇ, ಗುಂಯ್ ಎಂಬ ಸದ್ದು ಇದೆಯೇ ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದೊಯ್ದರೆ ರೋಗನಿರ್ಣಯ ಅರ್ಧ ಮುಗಿದಂತೆಯೇ. ‘ಪಿತ್ತ ಕೆರಳಿದೆ’ ಎಂಬ ಮನೆಯ ತೀರ್ಮಾನದೊಂದಿಗೆ ನಿಂಬೆಹಣ್ಣಿನ ಪಾನಕ ಕುಡಿದು ತಿಂಗಳುಗಟ್ಟಲೆ ಕಳೆಯುವುದು ಸಲ್ಲದು.

ಮುಖ್ಯವಾದ ಮೂರು ಬಗೆಗಳು

ಅತ್ಯಂತ ಸಾಮಾನ್ಯವಾದದ್ದು ಹರಳು ಜಾರುವುದರಿಂದ ಬರುವ ಸುತ್ತು. ವೈದ್ಯರು ಇದನ್ನು ಬಿ.ಪಿ.ಪಿ.ವಿ. ಎನ್ನುವರು, ಹೆಸರಿನಲ್ಲಿ ಬಿ.ಪಿ. ಎಂದಿದ್ದರೂ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ವಯಸ್ಸಾದಂತೆ ಅಥವಾ ತಲೆಗೆ ಪೆಟ್ಟು ಬಿದ್ದಾಗ, ಚೀಲದಲ್ಲಿರಬೇಕಾದ ಹರಳುಗಳು ಕಳಚಿ ಕೊಳವೆಯೊಳಗೆ ಸೇರುತ್ತವೆ. ಗೃಹಿಣಿಯೊಬ್ಬಳು ಬೆಳಗಿನ ಜಾವ ಮಗ್ಗುಲು ಬದಲಿಸುತ್ತಾಳೆ, ಅಥವಾ ಅಟ್ಟದ ಮೇಲಿನ ಡಬ್ಬಿಗಾಗಿ ತಲೆಯೆತ್ತುತ್ತಾಳೆ, ಅಥವಾ ರಂಗೋಲಿ ಹಾಕಲು ಬಾಗುತ್ತಾಳೆ. ಆ ಕ್ಷಣವೇ ಮನೆ ತಿರುಗಿದಂತಾಗಿ, ಒಂದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಶ್ರವಣಶಕ್ತಿಗೆ ಕುಂದಿರುವುದಿಲ್ಲ.

ಈ ಕಾಯಿಲೆಯ ಅರಿವು ಹಂತಹಂತವಾಗಿ ಬೆಳೆಯಿತು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ಕಿವಿಗೆ ಬಿಸಿ ಅಥವಾ ತಣ್ಣೀರು ಹಾಯಿಸಿದಾಗ ಕಣ್ಣುಗುಡ್ಡೆಗಳು ಅದುರುವುದನ್ನು ಗಮನಿಸಿ ಒಳಕಿವಿಯ ಪರೀಕ್ಷೆಯನ್ನು ರೂಪಿಸಿದನು. ಒಳಕಿವಿಯ ಕುರಿತ ಅವನ ಸಂಶೋಧನೆಗಳಿಗಾಗಿ ೧೯೧೪ರ ನೊಬೆಲ್ ಪಾರಿತೋಷಕ ದೊರೆಯಿತು. ಸುದ್ದಿ ಬಂದಾಗ ಅವನು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದನು. ೧೯೨೧ರಲ್ಲಿ ಅವನೇ ತಲೆಯ ಭಂಗಿಯಿಂದ ಬರುವ ಸುತ್ತನ್ನು ವರ್ಣಿಸಿದನು. ೧೯೫೨ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು, ರೋಗಿಯ ತಲೆಯನ್ನು ಒಂದು ಬದಿಗೆ ತಿರುಗಿಸಿ ಬೇಗನೆ ಮಲಗಿಸಿ ಕಣ್ಣನ್ನು ನೋಡುವ ಪರೀಕ್ಷೆಯನ್ನು ಖಚಿತಗೊಳಿಸಿದರು. ಅಮೆರಿಕದ ಜಾನ್ ಎಪ್ಲಿ, ತಲೆಯನ್ನು ಕ್ರಮವಾಗಿ ಹಲವು ಭಂಗಿಗಳಲ್ಲಿ ತಿರುಗಿಸಿ ಹರಳುಗಳನ್ನು ಮರಳಿ ಚೀಲಕ್ಕೆ ಸೇರಿಸುವ ವಿಧಾನವನ್ನು ೧೯೯೨ರಲ್ಲಿ ಪ್ರಕಟಿಸಿದರು. ಶಸ್ತ್ರವಿಲ್ಲ, ಔಷಧಿಯಿಲ್ಲ, ಹಿಡಿಯುವ ಕಾಲ ಹತ್ತು ನಿಮಿಷ. ಒಂದೆರಡು ಸಲ ಮಾಡಿದರೆ ಬಹುಮಂದಿಗೆ ಗುಣ ಕಾಣುತ್ತದೆ. ಕಾಯಿಲೆ ಮರುಕಳಿಸುವುದುಂಟು, ಆಗಲೂ ಇದೇ ಉಪಚಾರ ಫಲಿಸುತ್ತದೆ. ಯಾವ ಕಿವಿ, ಯಾವ ಕೊಳವೆ ಎಂಬುದನ್ನು ನಿರ್ಧರಿಸಿಯೇ ತಿರುಗಿಸಬೇಕಾದ ಕಾರಣ ಮೊದಲ ಸಲ ವೈದ್ಯರ ಕೈಯಲ್ಲಿಯೇ ಆಗತಕ್ಕದ್ದು. ಕುತ್ತಿಗೆಯ ಎಲುಬಿನ ತೊಂದರೆ ಇದ್ದವರು ಅದನ್ನು ಮುಂಚಿತವಾಗಿ ತಿಳಿಸಬೇಕು.

ಎರಡನೆಯದು, ಸಮತೋಲನ ನರದ ಉರಿಯೂತ, ಎಂದರೆ ವೆಸ್ಟಿಬ್ಯುಲರ್ ನ್ಯೂರೈಟಿಸ್. ವೈರಸ್ ಸೋಂಕು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಸುತ್ತು ಹಠಾತ್ತನೆ ಆರಂಭವಾಗಿ, ವಾಂತಿಯೊಡನೆ, ಎಡೆಬಿಡದೆ ಒಂದೆರಡು ದಿನ ಅಥವಾ ಇನ್ನೂ ಹೆಚ್ಚು ಕಾಲ ಕಾಡುತ್ತದೆ. ಆ ಮೇಲೆ ವಾರಗಟ್ಟಲೆ ತೂಗಾಡಿದಂತೆ ಅನಿಸುತ್ತಿರುತ್ತದೆ. ಇದರ ಜೊತೆ ಶ್ರವಣಶಕ್ತಿಯೂ ಕುಂದಿದರೆ ಒಳಕಿವಿಯೇ ಉರಿಯೂತಕ್ಕೆ ಒಳಗಾಗಿರಬಹುದು. ಹಠಾತ್ತಾದ ಕಿವುಡಿಗೆ ತಡಮಾಡದೆ ಚಿಕಿತ್ಸೆ ಆಗಬೇಕು.

ಮೂರನೆಯದು, ೧೮೬೧ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ ವರ್ಣಿಸಿದ, ಅವನ ಹೆಸರನ್ನೇ ಹೊತ್ತ ಕಾಯಿಲೆ. ಒಳಕಿವಿಯ ದ್ರವದ ಪ್ರಮಾಣ ಏರುಪೇರಾಗುವುದು ಇದರ ಲಕ್ಷಣ. ಕಿವಿ ಕಟ್ಟಿದಂತಾಗಿ, ಸದ್ದು ಮೊರೆದು, ಕೇಳಿಸುವುದು ಮಂದವಾಗಿ, ಇಪ್ಪತ್ತು ನಿಮಿಷದಿಂದ ಹಲವು ಗಂಟೆಗಳವರೆಗೆ ಸುತ್ತು ಬರುತ್ತದೆ, ಬಿಟ್ಟುಬಿಟ್ಟು ಮರಳುತ್ತದೆ. ವೈದ್ಯರು ಸಾಮಾನ್ಯವಾಗಿ ಉಪ್ಪನ್ನು ಮಿತಗೊಳಿಸಲು ಹೇಳುವರು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಫರಸಾಣಗಳ ಮೇಲೆ ಹತೋಟಿ ಇಡುವುದೇ ಇದರ ಅರ್ಥ.

ಇವಲ್ಲದೆ ಅರೆತಲೆನೋವಿನ ಪ್ರಕೃತಿಯವರಿಗೂ ತಲೆಸುತ್ತು ಬರುವುದುಂಟು.

ತಡಮಾಡಬಾರದ ಲಕ್ಷಣಗಳು

ಸುತ್ತಿನ ಜೊತೆಗೆ ಮಾತು ತೊದಲಿದರೆ, ಮುಖ ವಾರೆಯಾದರೆ, ಕೈಕಾಲಿನಲ್ಲಿ ಶಕ್ತಿ ಕುಂದಿದರೆ, ಒಂದು ವಸ್ತು ಎರಡಾಗಿ ಕಂಡರೆ, ಹಿಂದೆಂದೂ ಇರದಂತಹ ತಲೆನೋವು ಬಂದರೆ, ಆಧಾರವಿದ್ದರೂ ನಿಲ್ಲಲಾಗದಿದ್ದರೆ, ಪ್ರಜ್ಞೆ ತಪ್ಪಿದರೆ ಅಥವಾ ಎದೆನೋವು ಇದ್ದರೆ ಅದು ಒಳಕಿವಿಯದೆಂದು ಊಹಿಸಿ ಕಾಯಕೂಡದು. ಪಾರ್ಶ್ವವಾಯು ಅಥವಾ ಹೃದಯದ ತೊಂದರೆ ಇರಬಹುದಾದ್ದರಿಂದ ಕೂಡಲೇ ದೊಡ್ಡ ಆಸ್ಪತ್ರೆ ಸೇರುವುದು ಕ್ಷೇಮ. ತಳೇಗಾಂವದಲ್ಲಿಯೇ ೧೯೯೫ರಲ್ಲಿ ಸ್ಥಾಪನೆಗೊಂಡ ಮೈಮರ್ ವೈದ್ಯಕೀಯ ಮಹಾವಿದ್ಯಾಲಯವೂ ಅದಕ್ಕೆ ಹೊಂದಿದ ಆಸ್ಪತ್ರೆಯೂ ಇವೆ. ರಜೆಯಲ್ಲಿ ಕರ್ನಾಟಕಕ್ಕೆ ಹೋಗುವವರಿಗೆ, ಕಿವಿಯ ತೊಂದರೆಗಳ ವಿಷಯದಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ತಮ್ಮ ನುಡಿಯಲ್ಲಿಯೇ ಕಷ್ಟ ಹೇಳಿಕೊಳ್ಳುವ ಅನುಕೂಲವೂ ಉಂಟು.

ಮಿದುಳಿನ ಹೊಂದಾಣಿಕೆ

ಎಡ ಮತ್ತು ಬಲ ಒಳಕಿವಿಗಳು ಜೋಡೆತ್ತುಗಳಿದ್ದಂತೆ. ಎರಡೂ ಸಮನಾಗಿ ಎಳೆದರೆ ಗಾಡಿ ನೇರ ಹೋಗುತ್ತದೆ. ಒಂದು ಎತ್ತು ಹಠಾತ್ತನೆ ನಿಂತರೆ ಇನ್ನೊಂದರ ಎಳೆತಕ್ಕೆ ಗಾಡಿ ಇದ್ದಲ್ಲಿಯೇ ಸುತ್ತುಹಾಕುತ್ತದೆ. ನರದ ಉರಿಯೂತದಲ್ಲಿ ಆಗುವುದು ಇದೇ. ಇಲ್ಲಿ ಗಾಡಿ ಹೊಡೆಯುವವನು ಮಿದುಳು. ನಿಂತ ಎತ್ತು ಪೂರ್ತಿ ಚೇತರಿಸಿಕೊಳ್ಳದಿದ್ದರೂ, ಹಗ್ಗವನ್ನು ಹೇಗೆ ಹಿಡಿದರೆ ಗಾಡಿ ನೇರ ಹೋದೀತೆಂಬುದನ್ನು ಅವನು ಕಲಿಯಬಲ್ಲನು. ಆದರೆ ಗಾಡಿಯನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿಟ್ಟರೆ ಈ ಕಲಿಕೆ ಸಾಧ್ಯವಿಲ್ಲ. ತಲೆ ಚಲಿಸಬೇಕು, ಕಣ್ಣಿಗೂ ಕಿವಿಗೂ ತಾಳೆ ತಪ್ಪಬೇಕು, ಆ ತಪ್ಪನ್ನು ಕಂಡೇ ಮಿದುಳು ತಿದ್ದಿಕೊಳ್ಳಬೇಕು.

ಈ ಸತ್ಯವನ್ನು ಚಿಕಿತ್ಸೆಯಾಗಿ ರೂಪಿಸಿದವರು ೧೯೪೦ರ ದಶಕದ ಇಂಗ್ಲೆಂಡಿನ ಕಿವಿತಜ್ಞ ಟೆರೆನ್ಸ್ ಕಾಥೋರ್ನ್ ಮತ್ತು ಅಂಗಸಾಧನೆಯ ವೈದ್ಯ ಕುಕ್ಸಿ. ಒಳಕಿವಿಯ ದೋಷ ಮತ್ತು ತಲೆಯ ಪೆಟ್ಟಿನಿಂದ ನರಳುವವರಲ್ಲಿ, ಬೇಗ ಎದ್ದು ಓಡಾಡಿದವರು ಮಲಗಿಯೇ ಇದ್ದವರಿಗಿಂತ ಬೇಗ ಚೇತರಿಸಿಕೊಳ್ಳುವುದನ್ನು ಕಂಡು, ಅವರು ಕಣ್ಣು, ತಲೆ, ದೇಹಗಳ ಅಭ್ಯಾಸಕ್ರಮವೊಂದನ್ನು ರಚಿಸಿದರು. ಇಂದಿನ ಅಭ್ಯಾಸಗಳಿಗೆ ಅದೇ ತಳಹದಿ.

ಎರಡೂ ಎತ್ತುಗಳು ಸೋತರೆ ಏನಾಗುವುದೆಂಬುದಕ್ಕೂ ದಾಖಲೆಯುಂಟು. ೧೯೪೩ರಲ್ಲಿ ಕಂಡುಹಿಡಿಯಲಾದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಿಗಳಿಗೆ ಜೀವದಾನ ಮಾಡಿತು. ಆದರೆ ಕೆಲವರ ಒಳಕಿವಿಯ ರೋಮಕೋಶಗಳನ್ನು ನಾಶಮಾಡಿತು. ಹೀಗೆ ಸಮತೋಲನ ಕಳೆದುಕೊಂಡ ವೈದ್ಯರೊಬ್ಬರು, ಹೆಸರಿನ ಮೊದಲಕ್ಷರಗಳನ್ನಷ್ಟೇ ನಮೂದಿಸಿ, ೧೯೫೨ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಮ್ಮ ಅನುಭವ ಬರೆದರು. ಓದುವಾಗ ನಾಡಿಯ ಮಿಡಿತಕ್ಕೇ ಅಕ್ಷರಗಳು ಕುಣಿಯುತ್ತಿದ್ದುದರಿಂದ ಅವರು ಮಂಚದ ಸರಳುಗಳಿಗೆ ತಲೆಯನ್ನು ಒತ್ತಿ ಹಿಡಿಯುತ್ತಿದ್ದರು. ದಾರಿಯಲ್ಲಿ ನಡೆಯುವಾಗ ಫಲಕ ಓದಬೇಕಾದರೆ ನಿಲ್ಲಲೇಬೇಕಾಗಿತ್ತು. ಆದರೂ ಅಭ್ಯಾಸದಿಂದ ಕಣ್ಣು ಮತ್ತು ಕಾಲಿನ ಅರಿವನ್ನು ನಂಬಿ ನಡೆಯಲು ಕಲಿತರು. ಹಿಂದೆ ಸ್ಟ್ರೆಪ್ಟೊಮೈಸಿನ್, ಜೆಂಟಮೈಸಿನ್ ಚುಚ್ಚುಮದ್ದು ಪಡೆದವರು ನಡಿಗೆ ತಪ್ಪುತ್ತಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸತಕ್ಕದ್ದು.

ಮಾತ್ರೆಗಳ ವಿಷಯ

ಸುತ್ತು ತೀವ್ರವಾಗಿರುವ ಮೊದಲ ಎರಡು ಮೂರು ದಿನ ವಾಂತಿಯನ್ನೂ ತಿರುಗಾಟವನ್ನೂ ತಗ್ಗಿಸುವ ಮಾತ್ರೆ ಉಪಕಾರಿ. ಆ ಮೇಲೆಯೂ ಅದೇ ಚೀಟಿಯನ್ನು ಅಂಗಡಿಗೆ ಒಯ್ದು ತಿಂಗಳು, ವರ್ಷ ಮುಂದುವರಿಸುವ ರೂಢಿ ಹಾನಿಕರ. ಮಿದುಳನ್ನು ಮಂಕಾಗಿಸುವ ಔಷಧಿಗಳು ಅದರ ಕಲಿಕೆಯನ್ನೂ ನಿಧಾನಗೊಳಿಸುತ್ತವೆ. ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್‌ಗಳಂತಹ ಔಷಧಿಗಳು ದೀರ್ಘಕಾಲದ ಬಳಕೆಯಲ್ಲಿ, ಅದರಲ್ಲೂ ವೃದ್ಧರಲ್ಲಿ, ಕೈನಡುಕವನ್ನೂ ಮೈ ಬಿಗಿತವನ್ನೂ ತರಬಲ್ಲವು. ಜಾರಿದ ಹರಳನ್ನು ಯಾವ ಮಾತ್ರೆಯೂ ಸ್ವಸ್ಥಾನಕ್ಕೆ ಸೇರಿಸಲಾರದು. ನಿಲ್ಲಿಸುವುದಾದರೂ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಮನೆಯಲ್ಲಿ ಮಾಡುವ ಅಭ್ಯಾಸ

ವಾಂತಿ ನಿಂತು, ವೈದ್ಯರು ಒಳಕಿವಿಯ ದೋಷವೆಂದು ಹೇಳಿ ಅನುಮತಿ ಕೊಟ್ಟ ಮೇಲೆ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು ಈ ಕ್ರಮವನ್ನು ಆರಂಭಿಸಬಹುದು.

೧. ಕುಳಿತು, ತಲೆಯನ್ನು ಅಲುಗಿಸದೆ, ಕಣ್ಣುಗಳನ್ನು ಮಾತ್ರ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ನಿಧಾನವಾಗಿ ಚಲಿಸುವುದು.

೨. ಕ್ಯಾಲೆಂಡರಿನ ಒಂದು ಅಂಕಿಯನ್ನು ತೋಳಿನಳತೆಯ ದೂರದಲ್ಲಿಟ್ಟು ದೃಷ್ಟಿಯನ್ನು ಅದರ ಮೇಲೆಯೇ ನೆಟ್ಟು, ತಲೆಯನ್ನು ಎಡಬಲಕ್ಕೆ, ಅನಂತರ ಮೇಲೆ ಕೆಳಗೆ ಆಡಿಸುವುದು. ಅಂಕಿ ಸ್ಪಷ್ಟವಾಗಿ ಕಾಣುವಷ್ಟು ವೇಗ ಸಾಕು. ಒಂದೊಂದು ನಿಮಿಷ, ದಿನಕ್ಕೆ ಮೂರು ಸಲ.

೩. ಕುರ್ಚಿಯಿಂದ ಎದ್ದು ಕೂರುವುದು. ಮೊದಲು ಕಣ್ಣು ತೆರೆದು, ಧೈರ್ಯ ಬಂದ ಮೇಲೆ ಕಣ್ಣು ಮುಚ್ಚಿ.

೪. ಕುಳಿತಲ್ಲಿಂದ ಬಾಗಿ ನೆಲದ ಮೇಲಿನ ವಸ್ತುವನ್ನು ಎತ್ತಿಡುವುದು. ಚೆಂಡನ್ನೋ ನಿಂಬೆಹಣ್ಣನ್ನೋ ಒಂದು ಕೈಯಿಂದ ಇನ್ನೊಂದಕ್ಕೆ ಎಸೆದು ಹಿಡಿಯುವುದು.

೫. ಗೋಡೆಯ ಮಗ್ಗುಲಲ್ಲಿ ಪಾದಗಳನ್ನು ಜೋಡಿಸಿ ನಿಲ್ಲುವುದು; ಅನಂತರ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆಯಿಡುವುದು.

೬. ಮನೆಯೊಳಗೆ, ಆ ಮೇಲೆ ಅಂಗಳದಲ್ಲಿ, ಆ ಮೇಲೆ ಬೀದಿಯಲ್ಲಿ ನಡೆಯುವುದು. ನಡೆಯುತ್ತಲೇ ಮೆಲ್ಲನೆ ಅತ್ತಿತ್ತ ನೋಡುವುದು. ಕೊನೆಗೆ ಇಳಿಜಾರು ಮತ್ತು ಮೆಟ್ಟಿಲು.

ಅಭ್ಯಾಸದ ಹೊತ್ತಿನಲ್ಲಿ ತುಸು ಸುತ್ತಿದಂತಾಗುವುದು ಸಹಜ. ಅದು ಮಿದುಳು ಕಲಿಯುತ್ತಿರುವುದರ ಗುರುತು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ತಗ್ಗಿದರೆ ಮುಂದುವರಿಯಬಹುದು. ತಗ್ಗದಿದ್ದರೆ ಮರುದಿನ ವೇಗವನ್ನು ಕಡಿಮೆ ಮಾಡಬೇಕು. ಫಲ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಒಂದು ದಿನ ಚೆನ್ನಾಗಿದ್ದು ಮರುದಿನ ಹಿಂದೆ ಸರಿದಂತೆ ಕಂಡರೆ ನಿರಾಶರಾಗಬೇಕಿಲ್ಲ. ನಿದ್ರೆಗೇಡು, ಜ್ವರ, ಚಿಂತೆಗಳು ಹಳೆಯ ಸುತ್ತನ್ನು ತಾತ್ಕಾಲಿಕವಾಗಿ ಮರಳಿಸುತ್ತವೆ.

ದಿನಚರಿಯ ಎಚ್ಚರಿಕೆಗಳು

ಹಾಸಿಗೆಯಿಂದ ಏಳುವಾಗ ಅರೆನಿಮಿಷ ಅಂಚಿನಲ್ಲಿ ಕೂತು ಏಳಬೇಕು. ಕತ್ತಲೆಯಲ್ಲಿ ಕಣ್ಣಿನ ನೆರವು ತಪ್ಪುವುದರಿಂದ ಬಚ್ಚಲಿನ ಹಾದಿಯಲ್ಲಿ ರಾತ್ರಿದೀಪ ಬೇಕು; ಮಳೆಗಾಲದಲ್ಲಿ ಕರೆಂಟು ಹೋದಾಗ ಕೈಗೆಟಕುವಂತೆ ಟಾರ್ಚು ಇರಬೇಕು. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸುವುದು ಸಣ್ಣ ಖರ್ಚು; ವೃದ್ಧರ ತೊಡೆಯ ಎಲುಬು ಮುರಿದರೆ ಆಗುವುದು ದೊಡ್ಡ ನಷ್ಟ. ಏಣಿ ಹತ್ತುವುದು, ತಿರುಗುವ ಯಂತ್ರದ ಬಳಿ ನಿಲ್ಲುವುದು, ಸ್ಕೂಟರ್ ಓಡಿಸುವುದು ವೈದ್ಯರು ಒಪ್ಪುವ ತನಕ ಬೇಡ. ಕಾರಖಾನೆಯವರು ಇದನ್ನು ಮೇಲಧಿಕಾರಿಗೆ ತಿಳಿಸಲು ಸಂಕೋಚಪಡಬಾರದು.

ಲೋಕಲಿನಲ್ಲಿ ಬಾಗಿಲ ಬಳಿ ನಿಲ್ಲದೆ, ರೈಲು ಹೋಗುವ ದಿಕ್ಕಿಗೆ ಮುಖಮಾಡಿ ಕೂತು, ಹತ್ತಿರದ ಕಂಬಗಳನ್ನು ಬಿಟ್ಟು ದೂರದ ಬೆಟ್ಟವನ್ನು ನೋಡಿದರೆ ಹಿತ. ಮಿರಜ, ಬೆಳಗಾವಿಗಳ ಮೇಲೆ ಹುಬ್ಬಳ್ಳಿಗೆ ಹೋಗುವ ರಾತ್ರಿಯ ರೈಲಿನಲ್ಲಿ ಕೆಳಗಿನ ಬರ್ತನ್ನೇ ಕೇಳಿ ಪಡೆಯಬೇಕು. ಪೂಜೆಯ ಕೊನೆಯಲ್ಲಿ ನಿಂತಲ್ಲಿಯೇ ಸುತ್ತುವ ಆತ್ಮಪ್ರದಕ್ಷಿಣೆಯನ್ನು ಆಧಾರ ಹಿಡಿದು ನಿಧಾನವಾಗಿ ಮಾಡಬಹುದು; ಆಗದ ದಿನ ಕೈಮುಗಿದರೂ ಸಲ್ಲುತ್ತದೆ.

ಭಯವೆಂಬ ಎರಡನೆಯ ಕಾಯಿಲೆ

ಈ ಕಾಯಿಲೆಗೆ ಹೊರಗೆ ಗುರುತಿಲ್ಲ. ಜ್ವರವಿಲ್ಲ, ಕಟ್ಟಿದ ಪಟ್ಟಿಯಿಲ್ಲ. ಆದ್ದರಿಂದ ಮನೆಯವರಿಗೆ ಅದು ಸೋಗಿನಂತೆ ಕಂಡೀತು. ಇತ್ತ ರೋಗಿಗೆ ಮತ್ತೆ ಬಿದ್ದೇನೆಂಬ ಅಂಜಿಕೆ. ಸಂತೆ ಬೇಡ, ಮದುವೆ ಬೇಡ, ರೈಲು ಬೇಡ ಎಂದು ಒಂದೊಂದನ್ನೇ ಬಿಡುತ್ತ, ಕಡೆಗೆ ನಾಲ್ಕು ಗೋಡೆಗಳ ನಡುವೆ ಉಳಿಯುವವರುಂಟು. ಕಿವಿ ಗುಣವಾದ ಮೇಲೂ ಮೂರು ತಿಂಗಳಿಗೂ ಮೀರಿ, ನಿಂತಾಗ, ಜನಜಂಗುಳಿಯಲ್ಲಿ, ಅಂಗಡಿಸಾಲಿನಲ್ಲಿ ತೇಲಿದಂತೆ ಅನಿಸುವ ಸ್ಥಿತಿಯೊಂದನ್ನು ವೈದ್ಯರು ಈಗ ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಅದು ಭ್ರಮೆಯಲ್ಲ, ಎಚ್ಚರಿಕೆಯ ಅಭ್ಯಾಸವನ್ನು ಮಿದುಳು ಬಿಡಲಾರದೆ ಹೋದದ್ದು. ಅದಕ್ಕೂ ಅಭ್ಯಾಸ, ಸಮಾಧಾನದ ಮಾತು, ಅಗತ್ಯವಿದ್ದರೆ ಔಷಧಿ, ಇವುಗಳಿಂದ ಪರಿಹಾರವುಂಟು.

ಇಲ್ಲಿ ನೆಂಟರಿಷ್ಟರ ಮತ್ತು ನೆರೆಯ ಕನ್ನಡಿಗರ ಪಾತ್ರ ದೊಡ್ಡದು. ‘ಪಾಪ, ಮಲಗಿರಲಿ’ ಎಂಬ ಕನಿಕರಕ್ಕಿಂತ, ‘ಏಳಿ, ಇಂದು ಗೇಟಿನ ತನಕ ಹೋಗಿ ಬರೋಣ’ ಎಂಬ ಕರೆ ಹೆಚ್ಚು ಉಪಕಾರಿ. ಮರಾಠಿಯಲ್ಲಿ ತಳೇ ಎಂದರೆ ಕೆರೆ. ತಳೇಗಾಂವದ ಹೆಸರಿನಲ್ಲಿಯೇ ಕೆರೆಯುಂಟು. ಮೊದಲ ವಾರ ಗೇಟು, ಎರಡನೆಯ ವಾರ ಬೀದಿಯ ತಿರುವು, ಮೂರನೆಯ ವಾರ ಕೆರೆಯ ಬದಿ, ಆ ಮೇಲೆ ನಿಲ್ದಾಣದ ಮೆಟ್ಟಿಲು ಎಂದು ಗುರಿಯನ್ನು ಗೆರೆಯೆಳೆದಂತೆ ಇಟ್ಟುಕೊಂಡು, ಒಬ್ಬರು ಜೊತೆಗೆ ನಡೆದರೆ ಸಾಕು. ತೋಳು ಹಿಡಿದು ಎಳೆಯದೆ, ರೋಗಿಯೇ ಬೇಕೆಂದಾಗ ಹಿಡಿಯುವಷ್ಟು ಹತ್ತಿರದಲ್ಲಿರುವುದು ಜೊತೆಗಾರರ ಧರ್ಮ. ಮೊದಲ ಬಾರಿ ನಡೆಯಲು ಕಲಿತ ಮಗುವೂ ಬಿದ್ದೆದ್ದೇ ಸಮತೋಲನವನ್ನು ಗಳಿಸಿತು. ಎರಡನೆಯ ಬಾರಿ ಕಲಿಯಬೇಕಾದವರಿಗೆ ಬೇಕಾದುದು ಆ ತಾಳ್ಮೆ, ಮತ್ತು ಬೀಳದಂತೆ ನೋಡಿಕೊಳ್ಳುವ ಒಂದು ಜೊತೆ.